ಕೆಟ್ಟ ಕಾಗೆ, ಕೆಟ್ಟ ಮೊಟ್ಟೆ

ಸಿಸಿಲಿ ದ್ವೀಪದ ಸಿರಾಕ್ಯೂಸ್ ಊರಿನಲ್ಲಿ ಮಾತಾಡುವ ವಿದ್ಯೆ ಕಲಿಸುವ ಮೇಷ್ಟ್ರೊಬ್ಬನಿದ್ದ. ಹೆಸರು ಕೊರಾಕ್ಸ್. ಟಿಸಿಯಾಸ್ ಅನ್ನುವ ಹುಡುಗ ಅವನ ಹತ್ತಿರ ಕಲಿಯಲು ಸೇರಿದ. ಫೀಸು ಈಗ ಬೇಡ, ಮೊದಲನೇ ಕೇಸು ಗೆದ್ದ ಮೇಲೆ ಕೊಡು ಅಂತ ಕರಾರಾಯಿತು. ಹುಡುಗ ಚೆನ್ನಾಗಿಯೇ ಕಲಿತ. ಕಲಿತವನು ಕೋರ್ಟಿನ ಕಡೆ ತಲೆಯೇ ಹಾಕಲಿಲ್ಲ. ಕೇಸೇ ಇಲ್ಲದ ಮೇಲೆ ಗೆಲ್ಲುವುದೆಲ್ಲಿ, ಕೊಡುವುದೆಲ್ಲಿ. ಮೇಷ್ಟ್ರು ಕಾದು ಕಾದು ಸಾಕಾಗಿ ಫೀಸಿಗೆ ದಾವೆ ಹೂಡಿದ. "ನಾನು ಗೆದ್ದರೆ ನಿಮ್ಮ ತೀರ್ಪಿನ ಪ್ರಕಾರ ಇವನು ದುಡ್ಡು ಕೊಡಬೇಕು. ನಾನು ಸೋತರೆ ಇವನು ಮೊದಲ ಕೇಸು ಗೆದ್ದ ಹಾಗಾಯಿತು, ಕರಾರಿನ ಪ್ರಕಾರ ಕೊಡಬೇಕು" ಅಂದ. ಶಿಷ್ಯ ಎದ್ದು ನಿಂತು ಅದೇ ಮಾತನ್ನು ದೋಸೆ ಮಗುಚಿದ ಹಾಗೆ ಮಗುಚಿದ: "ನಾನು ಗೆದ್ದರೆ ತೀರ್ಪಿನ ಪ್ರಕಾರ ಕೊಡಬೇಕಾಗಿಲ್ಲ. ಸೋತರೆ ಮೊದಲ ಕೇಸೇ ಸೋತ ಹಾಗಾಯಿತು, ಕರಾರಿನ ಪ್ರಕಾರವೂ ಕೊಡಬೇಕಾಗಿಲ್ಲ." ಗುರುವಿಗೇ ತಿರುಮಂತ್ರ. ನ್ಯಾಯ ಹೇಳಲು ಕೂತಿದ್ದವರು ಇಬ್ಬರನ್ನೂ ಹೊರಗೆ ಅಟ್ಟಿ, "ಕೆಟ್ಟ ಕಾಗೆಗೆ ಕೆಟ್ಟ ಮೊಟ್ಟೆ" ಅಂದರಂತೆ. ಗ್ರೀಕ್ ಭಾಷೆಯಲ್ಲಿ ಕೊರಾಕ್ಸ್ ಅಂದರೆ ಕಾಗೆ.

ಇದು ನಡೆದದ್ದೋ ಕಟ್ಟಿದ್ದೋ ಅನ್ನುವ ಜಗಳ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ. ಇದೇ ಕತೆಯನ್ನು ಪ್ರೊಟಾಗೊರಾಸ್ ಎಂಬ ಇನ್ನೊಬ್ಬ ಗ್ರೀಕ್ ಮೇಷ್ಟ್ರು ಮತ್ತು ಅವನ ಶಿಷ್ಯನ ಹೆಸರಲ್ಲೂ ಹೇಳುತ್ತಾರೆ. ಕೊರಾಕ್ಸ್ ಅಂತ ಬೇರೆ ಮನುಷ್ಯ ಇರಲೇ ಇಲ್ಲ, ಅದು ಟಿಸಿಯಾಸನ ಅಡ್ಡಹೆಸರು ಎಂದು ವಾದಿಸಿದವರೂ ಇದ್ದಾರೆ. ಇರಲಿ. ಒಂದು ಶಾಸ್ತ್ರ ತನ್ನ ಹುಟ್ಟಿನ ಬಗ್ಗೆ ಹೇಳಿಕೊಳ್ಳುವ ಕತೆಯಲ್ಲಿ ಇಷ್ಟು ಧಾರಾಳವಾಗಿ ಬೈಸಿಕೊಂಡಿರುವುದು ಅಪರೂಪ ಅನ್ನುವುದಕ್ಕೇ ನನಗೆ ಈ ಕತೆ ಇಷ್ಟ. ನಮ್ಮ ಕಡೆ ನಾಟ್ಯಶಾಸ್ತ್ರವನ್ನು ಬ್ರಹ್ಮ ಕೊಡುತ್ತಾನೆ, ಕಾವ್ಯಪುರುಷ ಸರಸ್ವತಿಯ ಹೊಟ್ಟೆಯಲ್ಲಿ ಹುಟ್ಟುತ್ತಾನೆ. ಅವರ ಕಡೆ ಮಾತಿನ ಶಾಸ್ತ್ರ ಫೀಸಿನ ಜಗಳದಲ್ಲಿ ಹುಟ್ಟುತ್ತದೆ.

ಫೀಸಿಗಿಂತ ಮೊದಲು ಜಮೀನಿನ ಜಗಳ. ಕ್ರಿ.ಪೂ. 485ರ ಹೊತ್ತಿಗೆ ಗೆಲೋನ್ ಎಂಬ ಸರ್ವಾಧಿಕಾರಿ ಸಿರಾಕ್ಯೂಸನ್ನು ಹಿಡಿದು, ಸುತ್ತಮುತ್ತಲ ಊರುಗಳನ್ನು ಖಾಲಿ ಮಾಡಿಸಿ ಜನರನ್ನು ಅಲ್ಲಿಗೆ ತಂದು ತುಂಬಿದ. ಕೂಲಿ ಸಿಪಾಯಿಗಳಿಗೆ ಸಾವಿರಾರು ಲೆಕ್ಕದಲ್ಲಿ ಪೌರತ್ವ ಕೊಟ್ಟ. ಅವನ ತಮ್ಮ ಹಿಯೆರೋನ್ ಕಟಾನಾ ಊರಿನವರನ್ನು ಎಬ್ಬಿಸಿ ಲಿಯೊಂಟಿನಿಗೆ ಅಟ್ಟಿ, ಅವರ ಹೊಲಮನೆಗಳಿಗೆ ಹತ್ತು ಸಾವಿರ ಹೊಸಬರನ್ನು ತಂದು ಕೂರಿಸಿದ. ಕೊನೆಯ ತಮ್ಮ ಥ್ರಾಸಿಬುಲಸ್ ಒಂದು ವರ್ಷವೂ ಬಾಳಲಿಲ್ಲ, ಕ್ರಿ.ಪೂ. 466ರ ಸುಮಾರಿಗೆ ಊರವರು ಅವನನ್ನು ಓಡಿಸಿದರು. ಆಗ ಎದ್ದಿತು ನೋಡಿ ಗದ್ದಲ. ಇಪ್ಪತ್ತು ವರ್ಷದ ಹಿಂದೆ ಎಬ್ಬಿಸಿದವರೆಲ್ಲ ವಾಪಸ್ ಬಂದು "ಇದು ನಮ್ಮಪ್ಪನ ಹೊಲ" ಅಂದರು. ಪಹಣಿ ಇಲ್ಲ, ಖಾತೆ ಇಲ್ಲ, ಸರ್ವೇ ಕಲ್ಲಿಲ್ಲ. ಸಾಕ್ಷಿ ಹೇಳಬೇಕಾದವರು ಸತ್ತಿದ್ದರು ಅಥವಾ ಬೇರೆ ಊರಲ್ಲಿದ್ದರು. ಉಳಿದದ್ದು ಬಾಯಿ ಮಾತು. ಆ ಹೊತ್ತಿನಲ್ಲೇ ಕೊರಾಕ್ಸ್, ಟಿಸಿಯಾಸ್ ಇಬ್ಬರೂ ಮಾತಿಗೆ ಒಂದು ಕ್ರಮ ಬರೆದರು ಎಂದು ಅರಿಸ್ಟಾಟಲ್ ಹೇಳಿದ್ದಾಗಿ ರೋಮಿನ ದೊಡ್ಡ ಮಾತುಗಾರ ಸಿಸೆರೊ ದಾಖಲಿಸುತ್ತಾನೆ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಗ್ರೀಸ್ ದೇಶವಲ್ಲ, ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಅರ್ಜಿ ಬರೆಯುತ್ತಿದ್ದರು. ತಾಲ್ಲೂಕು ಆಫೀಸು ಮತ್ತು ಕೋರ್ಟಿನ ನಡುವೆ ಒಂದು ಹೊಂಗೆಮರ, ಅದರ ಕೆಳಗೆ ಕಾಲು ಅಲ್ಲಾಡುವ ಮೇಜು, ಮೇಜಿನ ಮೇಲೆ ಉದ್ದ ಹಾಳೆಗಳು, ಹಾಳೆ ಹಾರದಂತೆ ಒಂದು ಕಲ್ಲು. ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನಾನು ಅವರ ಪಕ್ಕ ಕೂತು ಕಾರ್ಬನ್ ಇಡುವ ಕೆಲಸ ಮಾಡಿದೆ. ಅವರು ಲಾ ಓದಿರಲಿಲ್ಲ, ಕೋರ್ಟಿನ ಒಳಗೆ ನಿಂತು ಒಂದು ಮಾತಾಡುವ ಹಕ್ಕಿರಲಿಲ್ಲ. ಆದರೆ ಅವರ ಮುಂದೆ ಕೂತವರ ಅರ್ಧ ಗಂಟೆಯ ಅಳು, ಶಾಪ, ದಾಯಾದಿ ಪುರಾಣ ಎಲ್ಲವನ್ನೂ ಕೇಳಿ, "ಸರಿ, ಈಗ ಸರ್ವೇ ನಂಬರ್ ಹೇಳು" ಅನ್ನುತ್ತಿದ್ದರು. ಆಮೇಲೆ ಪೆನ್ನು ಓಡುತ್ತಿತ್ತು. ಕೂಲಿನಾಲಿ ಮಾಡಿ ಜೀವನ ಸಾಗಿಸುತ್ತಿರುವ ಬಡ ರೈತನಾದ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ.

ಆ ಬೇಸಿಗೆಯಲ್ಲಿ ಬಂದ ಒಬ್ಬ ಮುದುಕನ ಮಾತು ನನ್ನ ತಲೆಯಲ್ಲಿ ಇವತ್ತಿಗೂ ಇದೆ. ಅವನ ಅಣ್ಣನ ಮಗ ಪ್ರತಿ ವರ್ಷ ಉಳುವಾಗ ಬದುವನ್ನು ಒಂದೊಂದು ಸಾಲು ಒತ್ತಿಕೊಂಡು ಬಂದಿದ್ದ. ಮುದುಕ ದೊಡ್ಡಪ್ಪನಿಗೆ ಹೇಳಿದ: "ಬರ್ಕೊಳಿ ಸಾಮಿ, ನಾನು ಬದಿನ ಮ್ಯಾಲೆ ನಿಂತ್ರೆ ಆ ಹೊಲನೇ ನನ್ನ ಗುರುತು ಹಿಡೀತದೆ. ಅವನು ನಿಂತ್ರೆ ಹಿಡಿಯಾಕಿಲ್ಲ." ನಾನು ಬೆರಗಾಗಿ ದೊಡ್ಡಪ್ಪನ ಮುಖ ನೋಡಿದೆ. ಅವರು ಬರೆಯಲಿಲ್ಲ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಗಾಡಿದಾರಿ ಅಂತ ಚೆಕ್ಕುಬಂದಿ ಬರೆದರು. ಮುದುಕ ಹೆಬ್ಬೆಟ್ಟು ಒತ್ತಲು ಹಿಂದೆಮುಂದೆ ನೋಡಿದ. "ಅದು ಬರೆಯೋ ಮಾತಲ್ಲ ಕಣಯ್ಯ, ಸಾಹೇಬರ ಮುಂದೆ ನಿಂತಾಗ ಹೇಳೋ ಮಾತು. ಜೋಪಾನವಾಗಿ ಇಟ್ಕೊ" ಅಂದರು ದೊಡ್ಡಪ್ಪ.

ಸಿಸಿಲಿಗೆ ವಾಪಸ್ ಹೋಗೋಣ. ಪತ್ರವಿಲ್ಲ, ಸಾಕ್ಷಿಯಿಲ್ಲ ಅಂದಾಗ ಮಾತಾಡುವವನ ಕೈಯಲ್ಲಿ ಉಳಿಯುವುದು ಒಂದೇ ಉಪಾಯ: "ಇದು ನಂಬುವ ಮಾತಾ, ನೀವೇ ಹೇಳಿ." ಗ್ರೀಕರು ಇದನ್ನು ಎಯ್ಕೋಸ್ ಅಂದರು, ಅಂದರೆ ಆಗಿರಬಹುದಾದದ್ದು, ಸಹಜವಾದದ್ದು. ಕೊರಾಕ್ಸ್ ಕಲಿಸಿದ್ದು ಇದನ್ನೇ ಅನ್ನುತ್ತಾರೆ. ಉದಾಹರಣೆ ಹೀಗಿದೆ: ಒಬ್ಬ ಬಡಕಲು ಮನುಷ್ಯನ ಮೇಲೆ ಹೊಡೆದಾಟದ ಆರೋಪ ಬಂದರೆ ಅವನು "ನನ್ನ ಮೈ ನೋಡಿ, ನಾನು ಹೊಡೆದಿರುವುದು ಸಾಧ್ಯವಾ?" ಅನ್ನಬೇಕು. ಸರಿ, ಆರೋಪಿ ಪೈಲ್ವಾನನಾಗಿದ್ದರೆ? ಅವನೂ ಬಚಾವಾಗಬಹುದು. "ಎಲ್ಲರೂ ಮೊದಲು ನನ್ನ ಮೇಲೇ ಅನುಮಾನ ಪಡುತ್ತಾರೆ ಅಂತ ಗೊತ್ತಿದ್ದೂ ನಾನು ಹೊಡೆಯುತ್ತೇನಾ?" ಇದನ್ನು ಉದಾಹರಿಸುವ ಅರಿಸ್ಟಾಟಲನಿಗೆ ಈ ಎರಡನೆಯದರ ಮೇಲೆ ಸಿಟ್ಟು. ಸೊರಗಿದ ವಾದವನ್ನು ಬಲವಾದ ವಾದವನ್ನಾಗಿ ಮಾಡುವುದು ಅಂದರೆ ಇದೇ, ಜನ ರೊಚ್ಚಿಗೆದ್ದದ್ದು ನ್ಯಾಯವೇ ಅನ್ನುತ್ತಾನೆ.

ಇಲ್ಲಿಯವರೆಗೆ ಉಪಮೆಯೂ ಇಲ್ಲ, ರೂಪಕವೂ ಇಲ್ಲ, ಬರೀ ವಾದ. ಅಲಂಕಾರ ಹಡಗು ಹತ್ತಿ ಅಥೆನ್ಸಿಗೆ ಬಂದದ್ದು ಕ್ರಿ.ಪೂ. 427ರಲ್ಲಿ. ಲಿಯೊಂಟಿನಿಯ ಮೇಲೆ ಸಿರಾಕ್ಯೂಸ್ ದಂಡೆತ್ತಿ ಬಂದಿತ್ತು. ನೆರವು ಕೇಳಲು ಲಿಯೊಂಟಿನಿಯವರು ಒಂದು ನಿಯೋಗ ಕಳಿಸಿದರು, ಅದರ ಮುಖಂಡ ಗೋರ್ಗಿಯಾಸ್. ಹಿಯೆರೋನ್ ಎಬ್ಬಿಸಿದ ಕಟಾನಾದವರನ್ನು ತಂದು ತುಂಬಿದ್ದು ಇವನ ಊರಿಗೇ, ಇವನು ಚಿಕ್ಕವನಿದ್ದಾಗ. ಅಥೆನ್ಸಿಗೆ ಬಂದಾಗ ಅವನಿಗೆ ವಯಸ್ಸು ಐವತ್ತು ದಾಟಿತ್ತು. ಅಥೆನ್ಸಿನವರು ಮಾತು ಕೇಳಿ ಕೇಳಿ ಪಳಗಿದ ಜನ, ಅಂಥವರೂ ಇವನ ಮಾತಿಗೆ ಬಾಯಿ ಬಿಟ್ಟುಕೊಂಡು ಕೂತರು ಎಂದು ಸಿಸಿಲಿಯವನೇ ಆದ ಇತಿಹಾಸಕಾರ ಡಿಯೊಡೊರಸ್ ಬರೆಯುತ್ತಾನೆ. ಏನು ಮಾಡಿದ ಅಂದರೆ, ಗದ್ಯದಲ್ಲಿ ಪದ್ಯದ ಕೆಲಸ ಮಾಡಿದ. ಎದುರುಬದುರು ನಿಲ್ಲುವ ಮಾತು, ಸಮನಾದ ಅಳತೆಯ ತುಂಡುಗಳು, ಒಂದೇ ಸದ್ದಿನಲ್ಲಿ ಮುಗಿಯುವ ಕೊನೆಗಳು.

ಇದರ ಗ್ರೀಕ್ ಹೆಸರುಗಳು ನಾಲಿಗೆ ತಿರುಗದ ಹಾಗಿವೆ: ಆಂಟಿಥೆಸಿಸ್, ಐಸೊಕೋಲಾನ್, ಹೋಮಿಯೊಟೆಲ್ಯೂಟಾನ್. ಆದರೆ ವಸ್ತು ನಮಗೆ ಹೊಸದಲ್ಲ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ." ಎಣಿಸಿ ನೋಡಿ, ಆ ಕಡೆ ಮೂರು ಪದ, ಈ ಕಡೆ ಮೂರು ಪದ. ನಡುವಿನದು ಎರಡೂ ಕಡೆ ಒಂದೇ, ಕೊನೆಯ ಸದ್ದು ಒಂದೇ, ಬದಲಾಗಿರುವುದು ಊಟದ ಜಾಗದಲ್ಲಿ ಮಾತು, ರೋಗದ ಜಾಗದಲ್ಲಿ ಜಗಳ. ಮಾತನ್ನು ಊಟದ ಪಕ್ಕ ಕೂರಿಸಿದ್ದಕ್ಕೆ ಕಾರಣವನ್ನೇ ಕೊಟ್ಟಿಲ್ಲ. ಎರಡೂ ಒಂದೇ ಅಚ್ಚಿನಲ್ಲಿ ಬಂದಿರುವುದರಿಂದ ಕಿವಿ ಮೊದಲು ಒಪ್ಪಿಬಿಡುತ್ತದೆ, ಬುದ್ಧಿ ಹಿಂದಿನಿಂದ ಬರುತ್ತದೆ. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಅನ್ನುವಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಮಾತು, ಮುತ್ತು ಅಂತ ಸದ್ದೂ ಕೈಕೈ ಹಿಡಿದಿದೆ. ಗೋರ್ಗಿಯಾಸನನ್ನು ನಮ್ಮ ಅಜ್ಜಿಯರ ಮುಂದೆ ಕೂರಿಸಿದ್ದರೆ ಅವನಿಗೆ ಇಷ್ಟು ದೊಡ್ಡ ಹೆಸರು ಬರುತ್ತಿರಲಿಲ್ಲವೇನೋ.

ಅವನ ಚಮತ್ಕಾರ ಬೇಗ ಹಳಸಿತು ಎಂಬುದೂ ನಿಜ. ಡಿಯೊಡೊರಸನೇ ಹೇಳುತ್ತಾನೆ, ಆ ಕಾಲಕ್ಕೆ ಹೊಸದು ಅಂತ ಮೆಚ್ಚಿದರು, ಈಗ ಕೇಳಿದರೆ ಅತಿಯಾಯಿತು ಅನಿಸುತ್ತದೆ ಅಂತ. ರಣಹದ್ದುಗಳನ್ನು ಗೋರ್ಗಿಯಾಸ್ "ಜೀವಂತ ಗೋರಿಗಳು" ಅಂದಿದ್ದ. ಲಾಂಜೈನಸ್ ಹೆಸರಿನಲ್ಲಿ ಉಳಿದಿರುವ ಗ್ರಂಥದಲ್ಲಿ ಇದನ್ನು ನಗೆಪಾಟಲಿನ ಉದಾಹರಣೆಯಾಗಿ ಕೊಟ್ಟಿದ್ದಾರೆ. ನನಗಂತೂ ಆ ರೂಪಕದಲ್ಲಿ ನಗು ಬರುವಂಥದ್ದೇನೂ ಕಾಣಲಿಲ್ಲ, ಮೈ ಜುಮ್ಮೆಂದಿತು.

ಗೋರ್ಗಿಯಾಸ್ ಬರೆದದ್ದರಲ್ಲಿ ಉಳಿದುಬಂದಿರುವ ಒಂದು ಸಣ್ಣ ಭಾಷಣ ಹೆಲೆನಳ ಪರವಾಗಿದೆ. ಟ್ರಾಯ್ ಯುದ್ಧಕ್ಕೆ ಕಾರಣಳು ಅಂತ ಊರೆಲ್ಲ ಬೈಯುವ ಹೆಂಗಸಿನ ಪರ ವಕಾಲತ್ತು. ಮೊದಲ ಸಾಲನ್ನು ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗಾಗುತ್ತದೆ: ಊರಿಗೆ ಸಿಂಗಾರ ಗಂಡಾಳು, ಮೈಗೆ ಚೆಲುವು, ಜೀವಕ್ಕೆ ಅರಿವು, ಕೆಲಸಕ್ಕೆ ಗುಣ, ಮಾತಿಗೆ ಸತ್ಯ. ನಾನು ಸಿಂಗಾರ ಅಂದ ಜಾಗದಲ್ಲಿ ಅವನು ಬಳಸಿದ ಪದ ಕೋಸ್ಮೋಸ್. ಆ ಪದಕ್ಕೆ ಎರಡರ್ಥ: ಒಡವೆ ವಸ್ತ್ರದ ಅಲಂಕಾರವೂ ಹೌದು, ಲೋಕದ ಕ್ರಮವೂ ಹೌದು. ಮುಖಕ್ಕೆ ಹಚ್ಚುವ ಕಾಸ್ಮೆಟಿಕ್ಸೂ ನಕ್ಷತ್ರಗಳ ಕಾಸ್ಮಾಸೂ ಅದೇ ಬೇರಿನವು. ಮಾತಿನ ಅಲಂಕಾರ ಸತ್ಯ ಅಂತ ಶುರು ಮಾಡಿದ ಭಾಷಣವನ್ನು ಅವನು ಮುಗಿಸುವುದು "ಇದು ನನ್ನ ಆಟಿಕೆ" ಎಂದು. ಈ ಮನುಷ್ಯನನ್ನು ನಂಬಬೇಕೋ ಬೇಡವೋ ಅಂತ ಗೊಂದಲವಾಗುತ್ತದೆ. ಪ್ಲೇಟೋನಿಗೆ ಆ ಗೊಂದಲ ಇರಲಿಲ್ಲ, ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಲಂಕಾರ ಅಂದ ಕೂಡಲೇ ನಮ್ಮ ಪೀಳಿಗೆಗೆ ನೆನಪಾಗುವುದು ಎಸ್ಸೆಸ್ಸೆಲ್ಸಿಯ ಪ್ರಶ್ನೆಪತ್ರಿಕೆ. ಈ ವಾಕ್ಯದಲ್ಲಿರುವ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು ಸಮನ್ವಯಗೊಳಿಸಿ. ಸೀತೆಯ ಮುಖಕಮಲ ಅರಳಿತು. ಉಪಮೇಯ: ಸೀತೆಯ ಮುಖ. ಉಪಮಾನ: ಕಮಲ. ಉಪಮೇಯ ಉಪಮಾನಗಳಿಗೆ ಅಭೇದ ಹೇಳಿರುವುದರಿಂದ ಇದು ರೂಪಕಾಲಂಕಾರ. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆದುಕೊಟ್ಟ ಆ ನಾಲ್ಕು ಸಾಲಿನ ಅಚ್ಚಿಗೆ ಯಾವ ವಾಕ್ಯ ಹಾಕಿದರೂ ಅಂಕ ಬರುತ್ತಿತ್ತು. ಕುಮಾರವ್ಯಾಸ ರೂಪಕ ಸಾಮ್ರಾಜ್ಯ ಚಕ್ರವರ್ತಿ, ಲಕ್ಷ್ಮೀಶ ಉಪಮಾಲೋಲ, ಅದೂ ಬಾಯಿಪಾಠ. ಯಾಕೆ ರೂಪಕ, ಯಾರ ಮುಂದೆ ನಿಂತು, ಏನು ಕೆಲಸ ಆಗಬೇಕಾಗಿತ್ತು ಅಂತ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ನಮ್ಮ ಅಲಂಕಾರಶಾಸ್ತ್ರ ಬೆಳೆದ ಜಾಗವೇ ಬೇರೆ. ನಾಟ್ಯಶಾಸ್ತ್ರ ಎಣಿಸುವುದು ನಾಲ್ಕೇ ಅಲಂಕಾರ: ಉಪಮೆ, ರೂಪಕ, ದೀಪಕ, ಯಮಕ. ರಂಗದ ಮೇಲೆ ಆಡುವ ಮಾತಿಗೆ ಅಷ್ಟು ಸಾಕಿತ್ತು. ಆಮೇಲೆ ಭಾಮಹ, ದಂಡಿ, ಮಮ್ಮಟ ಅಂತ ಮುಂದುವರಿದ ಹಾಗೆಲ್ಲ ಪಟ್ಟಿ ಉದ್ದವಾಯಿತು. ದಂಡಿಯ ಕಾವ್ಯಾದರ್ಶವನ್ನು ಬೆನ್ನಿಗಿಟ್ಟುಕೊಂಡು ಸುಮಾರು 850ರಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಬಂತು. ಅದರ ಎರಡನೇ ಪರಿಚ್ಛೇದ ಶಬ್ದಾಲಂಕಾರ, ಮೂರನೆಯದು ಅರ್ಥಾಲಂಕಾರ. ಗ್ರೀಕರದು ಕಟಕಟೆ, ನಮ್ಮದು ಓಲಗ. ವಾದ ಮಾಡುವುದು ನಮ್ಮಲ್ಲಿ ಬೇರೆ ಶಾಸ್ತ್ರಕ್ಕೇ ಹೋಯಿತು. ನ್ಯಾಯಸೂತ್ರದಲ್ಲಿ ವಾದ, ಜಲ್ಪ, ವಿತಂಡ ಅಂತ ಮೂರು ಬಗೆ ಇದೆ, ಟಿವಿ ಚರ್ಚೆ ನೋಡಿ ನಾವು ಬೈಯುವ ವಿತಂಡವಾದ ಅಲ್ಲಿಂದಲೇ ಬಂದದ್ದು. ಸಿಸಿಲಿಯವರು ಒಂದೇ ಚೀಲದಲ್ಲಿ ತುಂಬಿದ್ದನ್ನು ನಾವು ಎರಡು ಚೀಲ ಮಾಡಿಕೊಂಡೆವು. ಅದಕ್ಕೇ ನಮ್ಮ ಮಕ್ಕಳಿಗೆ ಅಲಂಕಾರ ಅಂದರೆ ಮುಖ, ಕಮಲ, ಚಂದ್ರ.

ಹಾಗಂತ ಓಲಗದ ಪಂಡಿತರು ಕಡಿಮೆ ಅಂತಲ್ಲ. ಒಂದು ವಿಷಯದಲ್ಲಿ ದಂಡಿಯನ್ನು ಅರಿಸ್ಟಾಟಲನ ಎದುರು ಇಟ್ಟು ನೋಡುವುದು ನನಗೆ ಬಹಳ ಖುಷಿ ಕೊಟ್ಟ ಆಟ. ಅರಿಸ್ಟಾಟಲ್ ಹೇಳುತ್ತಾನೆ: ಅಕಿಲೀಸ್ ಸಿಂಹದ ಹಾಗೆ ಎಗರಿದ ಅಂದರೆ ಉಪಮೆ, ಸಿಂಹ ಎಗರಿತು ಅಂದರೆ ರೂಪಕ. ಅವನಿಗೆ ರೂಪಕವೇ ಮೂಲ, ಉಪಮೆ ಅಂದರೆ "ಹಾಗೆ" ಎಂಬ ಬಾಲ ಸೇರಿಸಿದ ರೂಪಕ, ಆ ಬಾಲದಿಂದ ಉದ್ದವಾಯಿತು, ಅಷ್ಟರ ಮಟ್ಟಿಗೆ ರುಚಿ ಕಡಿಮೆಯಾಯಿತು. ದಂಡಿ ಇದೇ ದಾರಿಯನ್ನು ಆ ತುದಿಯಿಂದ ನಡೆದು ಬರುತ್ತಾನೆ: ಭೇದವನ್ನು ಬಚ್ಚಿಟ್ಟ ಉಪಮೆಯೇ ರೂಪಕ. ಅವನಿಗೆ ಉಪಮೆ ಮೂಲ. ಒಬ್ಬನಿಗೆ ಎರಡು ವಸ್ತು ಮೊದಲು ಒಂದಾಗಿದ್ದು ಆಮೇಲೆ ನಡುವೆ ಒಂದು ಪದ ಬಂದು ಕೂರುತ್ತದೆ. ಇನ್ನೊಬ್ಬನಿಗೆ ಎರಡು ವಸ್ತು ಮೊದಲು ಪಕ್ಕಪಕ್ಕ ನಿಂತು ಆಮೇಲೆ ನಡುವಿನ ಗೆರೆ ಅಳಿಸುತ್ತದೆ. ಮುದುಕನ ಹೊಲ ಗುರುತು ಹಿಡಿಯುತ್ತದೆ ಅನ್ನುವ ಮಾತು ಇದರಲ್ಲಿ ಯಾವುದು? ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವನು ಹೊಲವನ್ನು ನಾಯಿಗೋ ಹಸುವಿಗೋ ಹೋಲಿಸಲಿಲ್ಲ. ಅವನ ಮಟ್ಟಿಗೆ ಅದು ಅಲಂಕಾರವೇ ಆಗಿರಲಿಲ್ಲ ಅನಿಸುತ್ತದೆ, ಚೆಕ್ಕುಬಂದಿಯಷ್ಟೇ ಖರೆ.

ಪದಗಳ ಬೇರನ್ನು ನೋಡಿದರೆ ಎರಡೂ ಕಡೆ ಸಿಂಗಾರದ ಆಚೆಗೆ ಏನೋ ಇದೆ. ಅಲಂ ಅಂದರೆ ಸಾಕಾಗುವಷ್ಟು. ಅಲಂಕಾರ ಅಂದರೆ ಸಾಕಾಗುವಂತೆ ಮಾಡುವುದು, ಅಣಿ ಮಾಡುವುದು. ಗ್ರೀಕರು ಮಾತಿನ ಅಲಂಕಾರಕ್ಕೆ ಸ್ಕೀಮಾ ಅಂದರು, ಅದು ಮೈಯ ನಿಲುವು, ಭಂಗಿ. ಕುಣಿಯುವವನ, ಕುಸ್ತಿಯವನ ಮೈ ಹೇಗೆ ನಿಲ್ಲುತ್ತದೋ ಅದು. ಒಂದನೇ ಶತಮಾನದಲ್ಲಿ ರೋಮಿನಲ್ಲಿ ಸರ್ಕಾರದ ಸಂಬಳ ಪಡೆದು ಪಾಠ ಮಾಡಿದ, ಮೂಲತಃ ಸ್ಪೇನಿನವನಾದ ಕ್ವಿಂಟಿಲಿಯನ್ ಇದನ್ನು ವಿವರಿಸಲು ಮೈರಾನ್ ಕೆತ್ತಿದ ಚಕ್ರ ಎಸೆಯುವವನ ವಿಗ್ರಹವನ್ನು ತರುತ್ತಾನೆ. ನಮ್ಮ ಶಾಲೆಯ ಪುಸ್ತಕಗಳಲ್ಲೂ ಆ ಚಿತ್ರ ಇರುತ್ತದಲ್ಲ, ಸೊಂಟ ತಿರುಚಿ ಬಾಗಿ ನಿಂತ ಹುಡುಗ. ನೆಟ್ಟಗೆ ನಿಂತಿಲ್ಲ ಅಂತ ಯಾರಾದರೂ ಆ ವಿಗ್ರಹವನ್ನು ಆಡಿಕೊಂಡರೆ ಅವನಿಗೆ ಕಲೆಯೇ ಗೊತ್ತಿಲ್ಲ ಅನ್ನುತ್ತಾನೆ ಕ್ವಿಂಟಿಲಿಯನ್. ಆ ತಿರುಚಿನಿಂದಲೇ ಚಕ್ರ ದೂರ ಹೋಗುವುದು. ಎಸ್ಸೆಸ್ಸೆಲ್ಸಿಯಲ್ಲಿ ಮುಖಕಮಲದ ಬದಲು ಈ ಒಂದು ಚಿತ್ರ ತೋರಿಸಿದ್ದರೆ ನನಗೆ ಎಷ್ಟೋ ವರ್ಷ ಉಳಿಯುತ್ತಿತ್ತು.

ಈಗ ಪ್ಲೇಟೋ. ಗೋರ್ಗಿಯಾಸನ ಹೆಸರನ್ನೇ ಇಟ್ಟು ಬರೆದ ಸಂವಾದದಲ್ಲಿ ಅವನು ಮಾತಿನ ವಿದ್ಯೆಯನ್ನು ಅಡುಗೆಭಟ್ಟನ ಕೈಚಳಕಕ್ಕೆ ಹೋಲಿಸುತ್ತಾನೆ. ಅಡುಗೆಯವನು ವೈದ್ಯನ ವೇಷ ಹಾಕಿ ನಾಲಿಗೆಗೆ ಇಷ್ಟವಾದದ್ದನ್ನು ಬಡಿಸುವ ಹಾಗೆ, ಮಾತುಗಾರ ನ್ಯಾಯದ ವೇಷ ಹಾಕಿ ಕಿವಿಗೆ ಇಷ್ಟವಾದದ್ದನ್ನು ಬಡಿಸುತ್ತಾನೆ. ಮಕ್ಕಳನ್ನು ನ್ಯಾಯಕ್ಕೆ ಕೂರಿಸಿ, ವೈದ್ಯನ ಮೇಲೆ ಅಡುಗೆಯವನು ಫಿರ್ಯಾದು ಕೊಟ್ಟರೆ ವೈದ್ಯನ ಗತಿ ಏನು ಅಂತ ಕೇಳುತ್ತಾನೆ. ಈ ಹೋಲಿಕೆ ಎಷ್ಟು ಚೆನ್ನಾಗಿದೆ ಅಂದರೆ ಎರಡು ಸಾವಿರ ವರ್ಷದ ಮೇಲೂ ಜನ ಅದನ್ನೇ ಹೇಳುತ್ತಾರೆ. ಅಲಂಕಾರವನ್ನು ಹೊಡೆಯಲು ಅವನಿಗೂ ಬೇರೆ ದೊಣ್ಣೆ ಸಿಗಲಿಲ್ಲ. ಕವಿರಾಜಮಾರ್ಗಕಾರನೂ ಇದೇ ಜಾತಿ. ಸಂಸ್ಕೃತ ಕನ್ನಡಗಳನ್ನು ಹದವಿಲ್ಲದೆ ಸಮಾಸ ಮಾಡಬೇಡಿ ಅಂತ ನಿಯಮ ಹೇಳುವವನು, ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗಾಗುತ್ತದೆ ಅನ್ನುತ್ತಾನೆ. ನಿಯಮ ಮರೆತರೂ ಒಡೆದ ಹಾಲು ಮರೆಯುವುದಿಲ್ಲ.

ಪ್ಲೇಟೋನ ಮಾತಿನಲ್ಲಿ ನಿಜವಿಲ್ಲ ಅಂತ ನಾನು ಹೇಳಲಾರೆ. ಆದರೆ ಅವನು ಅಥೆನ್ಸಿನ ದೊಡ್ಡ ಮನೆತನದವನು. ಹೊಟ್ಟೆಪಾಡಿಗೆ ಯಾರ ಮುಂದೆಯೂ ಅರ್ಜಿ ಹಿಡಿದು ನಿಂತವನಲ್ಲ. ಹಾಗೆ ನಿಂತವನ ಮಾತು ಬೇಕಾದರೆ ಲೈಸಿಯಾಸನಲ್ಲಿ ಸಿಗುತ್ತದೆ.

ಅಥೆನ್ಸಿನಲ್ಲಿ ವಕೀಲರಿರಲಿಲ್ಲ. ವಾದಿ ಪ್ರತಿವಾದಿ ತಾವೇ ಎದ್ದು ಮಾತಾಡಬೇಕು. ಎದುರಿಗೆ ಚೀಟಿ ಎತ್ತಿ ಆರಿಸಿದ 201 ಜನ, ದೊಡ್ಡ ಮೊಕದ್ದಮೆಯಾದರೆ 501 ಜನ, ದಿನಕ್ಕೆ 3 ಓಬೋಲ್ ಭತ್ಯೆ, ಓಬೋಲ್ ಅಂದರೆ ಅಲ್ಲಿಯ ಸಣ್ಣ ನಾಣ್ಯ. ಪಕ್ಕದಲ್ಲಿ ಅಡಿಯಲ್ಲಿ ತೂತಿರುವ ಒಂದು ಮಣ್ಣಿನ ಮಡಕೆ, ಅದರಿಂದ ನೀರು ಸೋರುತ್ತಿರುತ್ತದೆ. ನೀರು ಮುಗಿದರೆ ಮಾತು ಮುಗಿಯಿತು. ಅಥೆನ್ಸಿನ ಅಗೋರಾದಲ್ಲಿ, ಅಂದರೆ ಪೇಟೆ ಚೌಕದಲ್ಲಿ, ಅಂಥ ಒಂದು ಮಡಕೆ ಸಿಕ್ಕಿದೆ, ಸುಮಾರು ಆರೂವರೆ ಲೀಟರು ಹಿಡಿಯುತ್ತದೆ, ಆರು ನಿಮಿಷಕ್ಕೆ ಬರಿದಾಗುತ್ತದೆ. ಮೊಕದ್ದಮೆ ನೋಡಿ ಇಂತಿಷ್ಟು ನೀರು ಅಂತ ಅಳತೆ, ಅಷ್ಟರಲ್ಲೇ ಹೇಳು ನಿನ್ನ ದಾಯಾದಿ ಪುರಾಣ! ಹಾಗಾಗಿ ಮೊದಲೇ ದುಡ್ಡು ಕೊಟ್ಟು ಬರೆಸಿಕೊಂಡು, ಬಾಯಿಪಾಠ ಮಾಡಿ ಬಂದು ಒಪ್ಪಿಸುತ್ತಿದ್ದರು. ಬರೆದುಕೊಡುವವರಿಗೆ ಲೋಗೋಗ್ರಾಫರ್ ಅನ್ನುತ್ತಿದ್ದರು. ದೊಡ್ಡಪ್ಪನ ಹೊಂಗೆಮರ ಅಲ್ಲಿ ಯಾವ ಮರವಾಗಿತ್ತೋ.

ಲೈಸಿಯಾಸ್ ಅಂಥವರಲ್ಲಿ ಒಬ್ಬ. ಅಪ್ಪ ಸಿರಾಕ್ಯೂಸಿನಿಂದ ಬಂದು ಅಥೆನ್ಸಿನಲ್ಲಿ ನೆಲೆಸಿದವನು, ಮನೆಯವರದು ಗುರಾಣಿ ಮಾಡುವ ಕಾರ್ಖಾನೆ. ಆದರೆ ವಲಸಿಗರು, ಪೌರರಲ್ಲ. ಕ್ರಿ.ಪೂ. 404ರಲ್ಲಿ ಮೂವತ್ತು ಜನರ ಗುಂಪು ಅಧಿಕಾರ ಹಿಡಿದಾಗ ಇವರ ಆಸ್ತಿ ಲೂಟಿಯಾಯಿತು, ಅಣ್ಣ ಪೊಲೆಮಾರ್ಕಸನಿಗೆ ವಿಷ ಕುಡಿಸಿ ಕೊಂದರು. ಅಣ್ಣನ ಹೆಂಡತಿ ಹಾಕಿಕೊಂಡಿದ್ದ ಚಿನ್ನದ ವಾಲೆಗಳನ್ನು ಕಿವಿಯಿಂದಲೇ ಕಿತ್ತುಕೊಂಡು ಹೋದರು ಎಂದು ಲೈಸಿಯಾಸ್ ತನ್ನ ಭಾಷಣದಲ್ಲಿ ಹೇಳುತ್ತಾನೆ. ಉಪಮೆ ಇಲ್ಲ, ರೂಪಕ ಇಲ್ಲ. ಅಷ್ಟೆಲ್ಲ ಲೂಟಿಯ ಲೆಕ್ಕದ ನಡುವೆ ಎರಡು ವಾಲೆ.

ಅವನು ಬೇರೆಯವರಿಗೆ ಬರೆದುಕೊಟ್ಟದ್ದರಲ್ಲಿ ನನಗೆ ಅಚ್ಚುಮೆಚ್ಚಿನದು ಕಾಲು ಊನವಾದ ಒಬ್ಬ ಅಂಗಡಿಯವನ ಭಾಷಣ. ಅಂಗವಿಕಲರಿಗೆ ಅಥೆನ್ಸ್ ದಿನಕ್ಕೆ 1 ಓಬೋಲ್ ಮಾಸಾಶನ ಕೊಡುತ್ತಿತ್ತು. ಇವನಿಗೆ ಕಸುಬಿದೆ, ಕುದುರೆ ಹತ್ತುತ್ತಾನೆ, ಇವನೇನೂ ಅಂಗವಿಕಲನಲ್ಲ, ಹಣ ನಿಲ್ಲಿಸಿ ಅಂತ ಯಾರೋ ಮೂಗರ್ಜಿ ಹಾಕಿದ ಹಾಗೆ ದೂರು ಕೊಟ್ಟಿದ್ದಾನೆ. ಐನೂರು ಜನರ ಮಂಡಳಿಯ ಮುಂದೆ ಅವನು ನಿಂತಿದ್ದಾನೆ. ಅಳುವುದಿಲ್ಲ, ಕಾಲಿಗೆ ಬೀಳುವುದಿಲ್ಲ. ಕುದುರೆ ಹತ್ತುವುದು ನಿಜ, ಹೇಸರಗತ್ತೆ ಕೊಳ್ಳಲು ದುಡ್ಡಿದ್ದರೆ ಇನ್ನೊಬ್ಬರ ಕುದುರೆ ಎರವಲು ಯಾಕೆ ತರುತ್ತಿದ್ದೆ ಅನ್ನುತ್ತಾನೆ. ಎಲ್ಲರೂ ಒಂದು ಕೋಲು ಹಿಡಿದರೆ ನಾನು ಎರಡು ಹಿಡಿಯುತ್ತೇನೆ, ಅದು ನನ್ನ ಬಲಕ್ಕೆ ಸಾಕ್ಷಿ ಅಂತ ಇವನು ಯಾಕೆ ದೂರು ಕೊಡಲಿಲ್ಲ, ಎರಡು ಕೋಲೂ ಕುದುರೆಯೂ ಇರುವುದು ಒಂದೇ ಕಾರಣಕ್ಕಲ್ಲವಾ? ಇನ್ನೂ ಮುಂದೆ ಹೋಗಿ, ನಾನು ಗಟ್ಟಿಮುಟ್ಟು ಅಂತ ನೀವು ಒಪ್ಪಿದರೆ ನನ್ನನ್ನು ಊರಿನ ಅಧಿಕಾರಿ ಹುದ್ದೆಗೆ ಚೀಟಿ ಎತ್ತಲು ಬಿಡಿ, ನನ್ನ ಓಬೋಲನ್ನು ಕುಂಟ ಅಂತ ಈ ದೂರುದಾರನಿಗೇ ಮಂಜೂರು ಮಾಡಿ. ಮಂಡಳಿಯವರು ನಕ್ಕಿರಲೇಬೇಕು. ಕಾಗೆಯ ಎಯ್ಕೋಸ್ ಇದೇ, "ಇದು ನಂಬುವ ಮಾತಾ" ಎಂಬುದೇ. ಅದೇ ಮೊಟ್ಟೆ ಇಲ್ಲಿ ಎಷ್ಟು ಚೆಂದದ ಮರಿಯಾಗಿದೆ.

ಈ ಶಾಸ್ತ್ರದ ಹೆಸರುಗಳನ್ನು ಸಾಲಾಗಿ ನಿಲ್ಲಿಸಿ ನೋಡಿದಾಗ ನನಗೆ ಹೊಳೆದ ಒಂದು ವಿಷಯವಿದೆ. ಗೋರ್ಗಿಯಾಸ್ ಹೊರಗಿನವನು, ರಾಯಭಾರಿಯಾಗಿ ಬಂದದ್ದಕ್ಕೆ ಅಥೆನ್ಸಿನ ಸಭೆಯಲ್ಲಿ ಮಾತಾಡಲು ಬಿಟ್ಟರು. ಲೈಸಿಯಾಸ್ ವಲಸಿಗ. ಮೂರು ಭಾಗದಲ್ಲಿ ರೆಟರಿಕ್ ಎಂಬ ಗ್ರಂಥವನ್ನೇ ಬರೆದ ಅರಿಸ್ಟಾಟಲ್ ಸ್ಟಾಗಿರಾ ಊರಿನವನು, ಅಥೆನ್ಸಿನ ಸಭೆಯಲ್ಲಿ ಎದ್ದು ನಿಲ್ಲುವ ಹಕ್ಕು ಅವನಿಗೂ ಇರಲಿಲ್ಲ. ಇಸಾಕ್ರಟೀಸ್ ಪೌರನೇ, ಆದರೆ ದನಿ ಸಣ್ಣದು, ಸಭಾಕಂಪ, ಅದಕ್ಕೇ ಬರೆದ. ಡೆಮಾಸ್ಥನೀಸ್ ಮಾತ್ರ ತಾನೇ ನಿಂತು ಗುಡುಗಿದವನು. ಅವನೂ ಮೊದಲು ಕಟಕಟೆ ಹತ್ತಿದ್ದು ಅಪ್ಪ ಸತ್ತ ಮೇಲೆ ಪೋಷಕರು ನುಂಗಿದ ಆಸ್ತಿಗಾಗಿ. ಬಾಗಿಲ ಹೊರಗೆ ನಿಂತವರಿಗೆ ಒಳಗಿನ ಮಾತಿನ ಅಂದಾಜು ಚೆನ್ನಾಗಿರುತ್ತದೋ ಏನೋ. ದೊಡ್ಡಪ್ಪ ಕೋರ್ಟಿನ ಕಿಟಕಿಯ ಹತ್ತಿರ ನಿಂತು ವಕೀಲರ ವಾದ ಕೇಳಿ, "ಅಲ್ಲಿ ನಿಲ್ಲಿಸಬೇಕಿತ್ತು ಕಣೋ, ಜಾಸ್ತಿ ಮಾತಾಡಿ ಕೆಡಿಸಿಕೊಂಡ" ಅನ್ನುತ್ತಿದ್ದದ್ದು ನೆನಪಿದೆ.

ಆಮೇಲಿನದು ರೋಮಿನ ಕತೆ, ನನಗೆ ಅದರಲ್ಲಿ ಅಷ್ಟು ರುಚಿಯಿಲ್ಲ. ಕ್ರಿ.ಪೂ. ಮೊದಲ ಶತಮಾನದಲ್ಲಿ ಹೆರೆನ್ನಿಯಸ್ ಎಂಬವನಿಗಾಗಿ ಬರೆದ ಒಂದು ಲ್ಯಾಟಿನ್ ಕೈಪಿಡಿ ಇದೆ, ಬಹಳ ಕಾಲ ಸಿಸೆರೊ ಬರೆದದ್ದು ಅಂತಲೇ ನಂಬಿದ್ದರು. ಅದರ ನಾಲ್ಕನೇ ಭಾಗದಲ್ಲಿ ಅಲಂಕಾರಗಳು ಒಂದರ ಹಿಂದೊಂದು, ಹೆಸರು, ಲಕ್ಷಣ, ಉದಾಹರಣೆ. ಸಮನ್ವಯ ಒಂದು ಬಾಕಿ. ಪ್ರಜೆಗಳು ಮಾತಾಡುವ ಕಾಲ ಮುಗಿದು ಚಕ್ರವರ್ತಿಗಳ ಕಾಲ ಬಂದ ಮೇಲೆ ಈ ಪಟ್ಟಿ ಶಾಲೆಗೆ ಹೋಯಿತು, ಶಾಲೆಯಲ್ಲೇ ಉಳಿಯಿತು. ಸಿಸೆರೊನನ್ನು ಕ್ರಿ.ಪೂ. 43ರ ಡಿಸೆಂಬರ್ 7ರಂದು ಕೊಂದು, ಅವನ ತಲೆ ಕೈಗಳನ್ನು ಅವನು ನಿಂತು ಮಾತಾಡುತ್ತಿದ್ದ ಕಟ್ಟೆಯ ಮೇಲೇ ಪ್ರದರ್ಶನಕ್ಕಿಟ್ಟರು. ತಲೆ ಸರಿ, ಕೈ ಯಾಕೆ ಅಂದರೆ, ರೋಮಿನ ದಂಡನಾಯಕ ಆಂಟನಿಯ ವಿರುದ್ಧ ಬರೆದದ್ದು ಆ ಕೈ.

ಬರೆಯುವ ಮಾತೇ ಬೇರೆ, ನಿಂತು ಆಡುವ ಮಾತೇ ಬೇರೆ ಅನ್ನುವುದನ್ನು ಅರಿಸ್ಟಾಟಲ್ ತನ್ನ ಮೂರನೇ ಭಾಗದಲ್ಲಿ ಬಿಡಿಸಿ ಹೇಳಿದ್ದಾನೆ. ಬರೆದದ್ದಕ್ಕೆ ಖಚಿತತೆ ಬೇಕು, ಆಡಿದ್ದಕ್ಕೆ ಅಭಿನಯ ಬೇಕು, ಒಂದನ್ನು ಇನ್ನೊಂದರ ಜಾಗದಲ್ಲಿಟ್ಟರೆ ಪೇಲವವಾಗಿ ಕಾಣುತ್ತದೆ ಅಂತ. ಅದನ್ನು ಓದಿ ಪುಸ್ತಕ ಮಡಚಿಟ್ಟೆ. ಚೆಕ್ಕುಬಂದಿ ಬರೆಯುವುದು, ಹೊಲದ ಮಾತು ಜೋಪಾನ ಮಾಡುವುದು, ದೊಡ್ಡಪ್ಪ ಹೇಳಿದ್ದು ಇದನ್ನೇ. ಕವಿರಾಜಮಾರ್ಗ ಕನ್ನಡದ ಜನರನ್ನು ಹೊಗಳುತ್ತಾ "ಪದನರಿದು ನುಡಿಯಲುಂ" ಬಲ್ಲವರು ಅನ್ನುತ್ತದೆ. ಪದ ಅಂದರೆ ಇಲ್ಲಿ ಹದ.

ಮುದುಕನ ಸರದಿ ಬಂದ ದಿನ ದೊಡ್ಡಪ್ಪ ನನ್ನನ್ನು ಜೊತೆಗೆ ಕಳಿಸಿದರು, ಕಾಗದ ಕೈತಪ್ಪದಿರಲಿ ಅಂತ. ಎರಡು ಗಂಟೆ ಬೆಂಚಿನ ಮೇಲೆ ಕೂತೆವು. ಮುದುಕ ತುಟಿ ಅಲ್ಲಾಡಿಸುತ್ತಿದ್ದ, ಅಭ್ಯಾಸ ಮಾಡುತ್ತಿದ್ದಾನೆ ಅಂದುಕೊಂಡೆ. ಒಳಗೆ ಕರೆದರು. ಸಾಹೇಬರು ತಲೆ ಎತ್ತದೆ "ಏನು?" ಅಂದರು. ಮುದುಕ ಟವೆಲ್ಲನ್ನು ಹೆಗಲಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕೈಕಟ್ಟಿ, ಸೊಂಟ ಸ್ವಲ್ಪ ಬಗ್ಗಿಸಿ ನಿಂತ. ಎಷ್ಟು ಹೇಳಿಕೊಟ್ಟರೂ ಯಾವತ್ತೂ ನೆನಪಿರದಿದ್ದ ಸರ್ವೇ ನಂಬರನ್ನು ಗಡಗಡ ಅಂತ ಹೇಳಿದ. ಪೂರ್ವಕ್ಕೆ ಇಂಥವರು, ಪಶ್ಚಿಮಕ್ಕೆ ಹಳ್ಳ. ಅಷ್ಟೇ. ಸಾಹೇಬರು ಸರ್ವೆಯರಿಗೆ ಅಂತ ಏನೋ ಬರೆದು ಸೀಲು ಒತ್ತಿಸಿದರು.

ಹೊರಗೆ ಟೀ ಅಂಗಡಿಯಲ್ಲಿ ಕೂತ ಮೇಲೆ ಅವನ ದನಿ ಬಂತು. ಗಾಜಿನ ಲೋಟ ಕೆಳಗಿಟ್ಟು, ಸ್ಟೌವಿಗೆ ಪಂಪು ಹೊಡೆಯುತ್ತಿದ್ದ ಹುಡುಗನನ್ನು ಕರೆದು ಹೇಳಿದ: "ಲೋ ಮಗಾ, ನಾನು ಬದಿನ ಮ್ಯಾಲೆ ನಿಂತ್ರೆ ಐತಲ್ಲ, ಆ ಹೊಲನೇ ನನ್ನ ಗುರುತು ಹಿಡೀತದೆ." ಹುಡುಗ ಪಂಪು ಹೊಡೆಯುವುದನ್ನು ನಿಲ್ಲಿಸಿ, "ಹೆಂಗಜ್ಜ?" ಅಂದ.